ಹಿಂದಿನ ಸೀಟಿನಲ್ಲಿ ಅಮ್ಮ

ನಮ್ಮ ಮನೆಗೆ ಬಂದ ನೆಂಟರು ಕೂರುವ ಮುಂಚೆ ಒಂದು ಪ್ರಶ್ನೆ ಕೇಳುತ್ತಿದ್ದರು: ಇದು ಯಾವ ಕಾರಿನ ಸೀಟು? ಮಂಡ್ಯದ ಗುತ್ತಲಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಮುಂದೆ ತಗಡಿನ ಶೆಡ್ಡು. ಆ ಶೆಡ್ಡಿನಲ್ಲಿ ಅಪ್ಪ ಕಾರುಗಳಿಗೆ ಸ್ಟೀರಿಯೋ, ಸ್ಪೀಕರು, ಆಂಪ್ಲಿಫೈಯರು ಕೂರಿಸುತ್ತಿದ್ದ. ಆಂಪ್ಲಿಫೈಯರ್ ಇರುವುದು ಹಿಂದೆ ಡಿಕ್ಕಿಯಲ್ಲಿ, ಅದಕ್ಕೆ ಕರೆಂಟು ಬರಬೇಕಾದದ್ದು ಮುಂದೆ ಬಾನೆಟ್ಟಿನ ಕೆಳಗಿನ ಬ್ಯಾಟರಿಯಿಂದ. ಅಲ್ಲಿಂದಿಲ್ಲಿಗೆ ಕಿರುಬೆರಳು ಗಾತ್ರದ ಕೆಂಪು ವೈರು ಎಳೆಯಬೇಕು, ಎಳೆಯಲು ನೆಲದ ಹಾಸು ಎತ್ತಬೇಕು, ಹಾಸು ಎತ್ತಲು ಸೀಟು ಬಿಚ್ಚಬೇಕು. ಬಿಚ್ಚಿದ ಸೀಟುಗಳನ್ನು ಗ್ರೀಸು ತಾಗದಂತೆ ಇಡಲು ಇದ್ದ ಒಂದೇ ಜಾಗ ನಮ್ಮ ನಡುಮನೆ. ಹಾಗಾಗಿ ನಾನು ಮಗ್ಗಿ ಬಾಯಿಪಾಠ ಮಾಡಿದ್ದು, ದಡಾರ ಎದ್ದು ಮಲಗಿದ್ದು, ಹಬ್ಬದ ಒಬ್ಬಟ್ಟು ತಿಂದದ್ದು ಎಲ್ಲ ಯಾರ್ಯಾರದೋ ಕಾರಿನ ಸೀಟುಗಳ ಮೇಲೆ. ವಾರಕ್ಕೊಂದು ಸೋಫಾ ಬದಲಾಗುವ ಶ್ರೀಮಂತಿಕೆ ಮಂಡ್ಯದಲ್ಲಿ ಇನ್ಯಾರಿಗೆ ಇತ್ತು ಹೇಳಿ. ಅಜ್ಜಿಗೆ ಮಾತ್ರ, ಅಂದರೆ ಅಪ್ಪನ ಅವ್ವನಿಗೆ, ಇದು ಕಣ್ಣಿಗೆ ಖಾರ ಹಾಕಿದಂತೆ ಆಗುತ್ತಿತ್ತು.

“ಲೇ ಸಿದ್ದ, ಊಟ ಮಾಡೋ ಜಾಗಕ್ಕೆ ಸೀಟ್ ತಂದು ಮಡಗಿದ್ದೀಯಲ್ಲ, ನಾನೇನು ಮೈಸೂರಿಗೆ ಓಯ್ತಾ ಇದ್ದೀನಾ?”

“ಕುಂತ್ಕೊ ಕಣವ್ವ. ಟಿಕೆಟ್ ಕೇಳಕ್ಕೆ ಯಾರೂ ಬರಕಿಲ್ಲ.”

ಅಪ್ಪ ಓದಿದ್ದು ಕಡಿಮೆ, ಆದರೆ ಕೆಲಸದಲ್ಲಿ ಬಲು ಕಟ್ಟುನಿಟ್ಟು. ಕರೆಂಟಿನ ವೈರು ಕಾರಿನ ಎಡಗಡೆ ಹೋದರೆ ಹಾಡು ತರುವ ವೈರು ಬಲಗಡೆಯೇ ಹೋಗಬೇಕು. ಎರಡನ್ನೂ ಜೊತೆಗೆ ಬಿಟ್ಟರೆ ಎಂಜಿನ್ನಿನ ಕುಂಯ್ ಎನ್ನುವ ಸದ್ದು ಹಾಡಿನೊಳಗೆ ಬಂದು ಕೂರುತ್ತದೆ. ಓರಗಿತ್ತಿಯರನ್ನು ಒಂದೇ ಒಲೆಯ ಮುಂದೆ ಕೂರಿಸಬಾರದು ಎಂದು ಅಪ್ಪ ಇದಕ್ಕೆ ಹೇಳುತ್ತಿದ್ದ. ಅರ್ತಿನ ವೈರನ್ನು ಕಾರಿನ ಮೈಯ ಬಣ್ಣದ ಮೇಲೆ ಬಿಗಿದವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಬಣ್ಣ ಕೆರೆದು, ಬರೀ ಕಬ್ಬಿಣ ಹೊಳೆಯುವ ತನಕ ಉಜ್ಜಿ, ಆಮೇಲೆ ಬೋಲ್ಟು. ಇನ್ನು ಆಂಪ್ಲಿಫೈಯರಿನ ಮೈಮೇಲೆ ಗೇನ್ ಎನ್ನುವ ಒಂದು ಸಣ್ಣ ತಿರುಪು ಇರುತ್ತದಲ್ಲ, ಗಿರಾಕಿಗಳು ಅದನ್ನು ವಾಲ್ಯೂಮ್ ಎಂದುಕೊಂಡು ಕೊನೆಯ ತನಕ ತಿರುಗಿಸಿ ಅನ್ನುತ್ತಿದ್ದರು. ಅಪ್ಪ ಸ್ಟೀರಿಯೋವನ್ನು ಮುಕ್ಕಾಲು ಭಾಗ ಏರಿಸಿ, ಗೇನನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹೆಚ್ಚಿಸಿ, ಹಾಡುವವರ ಗಂಟಲು ಒಡೆಯುವ ಜಾಗ ಹುಡುಕಿ, ಅಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ ಬಂದು ನಿಲ್ಲಿಸುತ್ತಿದ್ದ. ಈಗಿನ ಕೆಲವರಿಗೆ ಕಾರಿನ ಗಾಜು ನಡುಗಿದರೆ ಸಾಕು, ಅದನ್ನೇ ಸಂಗೀತ ಅನ್ನುತ್ತಾರೆ. ನನ್ನ ಅಂಗಡಿಗೂ ಬರುತ್ತಾರೆ ಅಂಥವರು. ಅವರಿಗೆ ನಾನು ಬೈಯುವುದು ಅಪ್ಪನ ಮಾತಿನಲ್ಲೇ.

ಕಾರು ಟ್ಯೂನ್ ಮಾಡಲು ಅಪ್ಪ ಸಿನಿಮಾ ಹಾಡು ಹಾಕುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಬೇಯಿಸಿ, ಬಸಿದು, ಒಗ್ಗರಣೆ ಹಾಕಿದ ಹಾಡು ಎಲ್ಲಿ ಹಾಕಿದರೂ ಚೆನ್ನಾಗಿಯೇ ಕೇಳುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ ಎಂಬುದು ಅವನ ವಾದ. ಅವನ ಬಳಿ ಒಂದು ಕ್ಯಾಸೆಟ್ಟಿತ್ತು. ನನ್ನನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ದಿನ ಯಾರದೋ ಟೇಪ್‌ರೆಕಾರ್ಡರ್ ಕಡ ತಂದು ಅವನೇ ತುಂಬಿಸಿದ್ದು. ಅದರಲ್ಲಿ ನಮ್ಮ ತಾತನ ಕೆಮ್ಮು ಇದೆ, ಎದೆಯ ಆಳದಿಂದ ಗುಡುಗುವಂಥದ್ದು. ಡಿಕ್ಕಿಯ ದೊಡ್ಡ ವೂಫರು ಸರಿಯಿದೆಯೋ ಇಲ್ಲವೋ ಎಂದು ಆ ಕೆಮ್ಮು ಹೇಳುತ್ತಿತ್ತು. ಚಿಕ್ಕಮ್ಮ ದೊಡ್ಡಮ್ಮಂದಿರ ಸೋಬಾನೆ ಇದೆ, ಅದು ಬಾಗಿಲ ಸ್ಪೀಕರುಗಳಿಗೆ. ತೊಟ್ಟಿಲು ತೂಗುವ ಅಮ್ಮನ ಕೈಯ ಗಾಜಿನ ಬಳೆಗಳ ಸದ್ದಿದೆ, ಅದು ಮೇಲೆ ಕನ್ನಡಿಯ ಹತ್ತಿರದ ಪುಟ್ಟ ಸ್ಪೀಕರುಗಳಿಗೆ. ನಡುವೆ ನಾನು ಅಳುತ್ತೇನೆ, ಅದು ಯಾವ ಸ್ಪೀಕರಿನಲ್ಲೂ ಚೆನ್ನಾಗಿಲ್ಲ. ಮನೆಯವರ ಗಂಟಲು ನಮಗೆ ಗೊತ್ತು, ಅದು ಕಾರಿನಲ್ಲಿ ಮನೆಯಲ್ಲಿದ್ದಂತೆಯೇ ಕೇಳಿದರೆ ಕೆಲಸ ಮುಗಿದಂತೆ ಎನ್ನುತ್ತಿದ್ದ ಅಪ್ಪ. ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಓಡಾಡಿದ ಎಷ್ಟೋ ಕಾರುಗಳು ನನ್ನ ನಾಮಕರಣ ಕೇಳಿಸಿಕೊಂಡೇ ರಸ್ತೆಗೆ ಇಳಿದವು.

ನನಗೆ ಹತ್ತು ವರ್ಷವಾದಾಗ ಈ ಕೆಲಸಕ್ಕೆ ಇನ್ನೊಂದು ಶಾಸ್ತ್ರ ಸೇರಿಕೊಂಡಿತು. ಕಾರು ಸಿದ್ಧವಾಗಿ, ಸೀಟುಗಳು ವಾಪಸ್ಸು ಕೂತು, ಗಿರಾಕಿ ಬಂದು ನಿಂತ ಮೇಲೆ ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಚಪ್ಪಲಿ ಬಿಟ್ಟು, ಹಿಂದಿನ ಸೀಟಿನ ಎಡಮೂಲೆಯಲ್ಲಿ ಕೂರುತ್ತಿದ್ದಳು. ಗಾಜು ಏರಿಸಿ ಬಾಗಿಲು ಹಾಕುತ್ತಿದ್ದರು. ಕ್ಯಾಸೆಟ್ ಓಡುತ್ತಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಹೊಸ ಗಾಡಿಗೆ ಮುತ್ತೈದೆ ಕೂರಬೇಕು, ನಮ್ಮ ತೌರಿನ ಕಡೆ ಹಾಗೆ ಎಂದು ಅವಳು ಹೇಳಿದ್ದನ್ನು ಎಲ್ಲರೂ ನಂಬಿದ್ದರು. ನಿಂಬೆಹಣ್ಣು ಚಕ್ರದ ಕೆಳಗಿಟ್ಟಂತೆ ಇದೂ ಒಂದು ಎಂದು ನಾನೂ ನಂಬಿದ್ದೆ. ಅಮ್ಮನನ್ನು ಜಯಕ್ಕ ಎನ್ನುತ್ತಿದ್ದ ಮದ್ದೂರಿನ ಟ್ಯಾಕ್ಸಿಯವರಂತೂ ಅವಳು ಕೂರದೆ ಗಾಡಿ ಮುಟ್ಟುತ್ತಿರಲಿಲ್ಲ. ಕೂತವಳು ಸುಮ್ಮನೆ ಕೂರದೆ ಅಡುಗೆಯ ಮಾತಿನಲ್ಲಿ ಏನಾದರೂ ಹೇಳುತ್ತಿದ್ದಳು, ಅಪ್ಪ ಅದಕ್ಕೆ ತಕ್ಕ ಹಾಗೆ ತಿರುಪು ತಿರುಗಿಸುತ್ತಿದ್ದ.

“ಒಸಿ ಉಪ್ಪು ಜಾಸ್ತಿ ಆಯ್ತು, ನೋಡಿ.”

“ಈಗ?”

“ಈಗ ಸಪ್ಪೆ. ಆ, ಅಷ್ಟೇ. ಬುಡಿ, ಇನ್ನ ಮುಟ್ಟಬೇಡಿ.”

ಗಿರಾಕಿಗಳು ನಗುತ್ತಿದ್ದರು. ಅಜ್ಜಿ ನಗುತ್ತಿರಲಿಲ್ಲ. ನಾಲ್ಕು ಜನ ಗಂಡಸರ ಮುಂದೆ ಸೊಸೆ ಯಾರದೋ ಕಾರಿನಲ್ಲಿ ಮಹಾರಾಣಿಯ ಹಾಗೆ ಕಣ್ಣು ಮುಚ್ಚಿ ಕೂರುವುದು, ಗಂಡನಿಗೆ ಹಾಗೆ ಮಾಡಿ ಹೀಗೆ ಮಾಡಿ ಎನ್ನುವುದು ಅಜ್ಜಿಗೆ ಸಹಿಸಲಾಗದ ಸಂಗತಿ. ಕಾರು ಹೊರಟ ಮೇಲೆ ಮನೆಯಲ್ಲಿ ಜಗಳ ಖಾಯಂ. ಜಗಳ ಎಂದರೆ ಅಜ್ಜಿ ಆಡುವುದು, ಅಮ್ಮ ಪಾತ್ರೆ ತೊಳೆಯುವುದು.

“ಗಂಡ್ನ ಕೆಲಸದಾಗೆ ಮೂಗು ತೂರ್ಸೋದು ಅದ್ಯಾವ ಊರ ಸಾಸ್ತ್ರನವ್ವ? ನಿಮ್ಮಪ್ಪನ ಮನೇಲಿ ಎತ್ತಿನ ಗಾಡೀನೂ ಇರ್ನಿಲ್ಲ, ಕಾರಿನ ಸಾಸ್ತ್ರ ಬಂದುಬುಡ್ತಾ?”

ಮೂರು ವರ್ಷ ಹೀಗೇ ನಡೆಯಿತು. ನನಗೆ ಅಜ್ಜಿಯ ಮೇಲೆ ಸಿಟ್ಟು ಬರುತ್ತಿತ್ತು, ನಿಜ ಹೇಳಬೇಕೆಂದರೆ ಅಮ್ಮನ ಮೇಲೂ ಬರುತ್ತಿತ್ತು. ಬಿಟ್ಟುಬಿಡಬಾರದೇ ಆ ಹಾಳು ಶಾಸ್ತ್ರವನ್ನ, ಯಾರಿಗೆ ಬೇಕಾಗಿತ್ತು ಎಂದು ಒಂದು ದಿನ ಕೇಳಿಯೂ ಬಿಟ್ಟೆ. ಅಮ್ಮ ನನ್ನ ಜಡೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹೆಣೆದಳು.

ನಾನು ಎಂಟನೇ ಕ್ಲಾಸಿನ ಪರೀಕ್ಷೆ ಮುಗಿಸಿದ ಬೇಸಿಗೆಯಲ್ಲಿ ಮದ್ದೂರಿನ ಚಿಕ್ಕಮ್ಮನಿಗೆ, ಅಮ್ಮನ ತಂಗಿಗೆ, ಹೆರಿಗೆಯಾಯಿತು. ಬಾಣಂತನಕ್ಕೆ ಬೇರೆ ದಿಕ್ಕಿಲ್ಲದೆ ಅಮ್ಮ ಮೂರು ವಾರಕ್ಕೆ ಮದ್ದೂರಿಗೆ ಹೊರಟಳು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ದೇಶಾಂತರ ಹೋಗುವವಳಂತೆ ನೂರೆಂಟು ಹೇಳಿದಳು. ಅಜ್ಜಿಯ ಮಾತ್ರೆ ಇಲ್ಲಿ, ರಾಗಿ ಹಿಟ್ಟು ಅಲ್ಲಿ. ಬಾಗಿಲ ಬಳಿ ನಿಂತು ಅಪ್ಪನಿಗೆ ಎರಡು ಸಲ ಒಂದೇ ಮಾತು ಹೇಳಿದಳು.

“ನಾನು ಬರೋಗಂಟ ಯಾವ ಗಾಡೀನೂ ಕೊಡಬೇಡಿ. ಸಾಸ್ತ್ರ ತಪ್ಪಬಾರದು.”

ಅವಳು ಹೋದ ನಾಲ್ಕನೇ ದಿನಕ್ಕೆ ಮಳವಳ್ಳಿಯ ಕಡೆಯ ಗೌಡರೊಬ್ಬರು ವ್ಯಾನು ತಂದು ನಿಲ್ಲಿಸಿದರು. ಅವರದು ನಾಲ್ಕು ವ್ಯಾನುಗಳು ಮದುವೆ ದಿಬ್ಬಣಕ್ಕೆ, ಪ್ರವಾಸಕ್ಕೆ ಓಡುತ್ತಿದ್ದವು. ಇದು ಚೆನ್ನಾಗಾದರೆ ಉಳಿದ ಮೂರೂ ನಿನಗೇ ಎಂದರು. ಹೆಂಡತಿ ಊರಲ್ಲಿಲ್ಲ, ಸ್ವಲ್ಪ ದಿನ ತಡೆಯಿರಿ ಎಂದು ಅಪ್ಪ ಹೇಳಿ ನೋಡಿದ. ಗೌಡರು ಬಾಯ್ತುಂಬ ನಕ್ಕರು.

“ಲೇ ಸಿದ್ದಣ್ಣ, ಕೆಲಸ ಮಾಡೋನು ನೀನೋ ನಿನ್ನೆಂಡ್ತಿನೋ? ಬೇಸ್ತುವಾರ ದಿಬ್ಬಣ ಐತೆ. ಆಯ್ತದೆ ಅನ್ನು, ಇಲ್ಲ ಅಂದ್ರೆ ಬ್ಯಾರೆ ಕಡೆ ಓಯ್ತೀನಿ.”

ಅಪ್ಪ ಆಯ್ತದೆ ಅಂದ. ಎರಡು ದಿನ ಕೆಲಸ ನಡೆಯಿತು. ನಡುಮನೆಯ ತುಂಬ ವ್ಯಾನಿನ ಸೀಟುಗಳು, ಅಜ್ಜಿ ದಿಬ್ಬಣದ ಹಿರಿಯಳಂತೆ ಅವುಗಳ ನಡುವೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ವೈರಿನ ಕೆಲಸದಲ್ಲಿ ಒಂದು ಕೊಂಕಿಲ್ಲ. ಎರಡನೆಯ ದಿನ ಮಧ್ಯಾಹ್ನ ಅಪ್ಪ ಒಬ್ಬನೇ ವ್ಯಾನಿನೊಳಗೆ ಕೂತು ಟ್ಯೂನ್ ಮಾಡತೊಡಗಿದ. ನಾನು ಒಳಗೆ ಸೊಪ್ಪು ಸೋಸುತ್ತಿದ್ದೆ. ತಾತನ ಕೆಮ್ಮು ಬಂತು, ಸರಿಯಾಗಿತ್ತು. ಸೋಬಾನೆ ಬಂತು, ಅದೂ ಪರವಾಗಿಲ್ಲ. ಬಳೆ ಬಂದಾಗ ನನ್ನ ಹಲ್ಲು ಜುಮ್ಮೆಂದಿತು. ಸ್ಲೇಟಿನ ಮೇಲೆ ಮೊಳೆ ಎಳೆದ ಹಾಗೆ. ಅಪ್ಪ ಕಡಿಮೆ ಮಾಡುತ್ತಾನೆ ಎಂದುಕೊಂಡರೆ ಇನ್ನೂ ಹೆಚ್ಚು ಮಾಡಿದ, ಇನ್ನೂ ಒಂದಿಷ್ಟು ಹೆಚ್ಚು ಮಾಡಿದ. ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡಳು. ನಾನು ಕಿಟಕಿಯಿಂದ ನೋಡಿದೆ. ಅಪ್ಪನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಗೌಡರು ಹೀಗೆಯೇ ಬೇಕೆಂದಿರಬೇಕು, ಕೆಲವರಿಗೆ ಕೆಟ್ಟ ರುಚಿ ಇರುತ್ತದೆ ಎಂದುಕೊಂಡು ಸೊಪ್ಪಿನ ಕಡೆ ತಿರುಗಿದೆ.

ಸಂಜೆ ವ್ಯಾನು ತೆಗೆದುಕೊಂಡು ಹೋದ ಗೌಡರು ಮರುದಿನ ಬೆಳಗ್ಗೆ ತಿಂಡಿಯ ಹೊತ್ತಿಗೆ ವಾಪಸ್ಸು ಬಂದರು.

“ಏನ್ ಸಿದ್ದಣ್ಣ ಇದು, ಕಿವಿಗೆ ದಬ್ಬಳ ಚುಚ್ಚಿದಂಗಾಯ್ತದೆ. ನನ್ನೆಂಡ್ತಿ ಅರ್ಧ ದಾರೀಲಿ ಇಳಿದು ಬಸ್ಸು ಅತ್ತುದ್ಲು.”

ಸ್ಪೀಕರು ಹೊಸದು ಗೌಡ್ರೆ, ಪಳಗಬೇಕು ಎಂದು ಅಪ್ಪ ಮತ್ತೆ ವ್ಯಾನಿನೊಳಗೆ ಹೋದ. ಕ್ಯಾಸೆಟ್ ಹಾಕಿದ, ತಿರುಗಿಸಿದ. ಮೊದಲಿಗಿಂತ ಕೆಟ್ಟಿತು. ಗೌಡರು ವ್ಯಾನಿನ ಬಾಗಿಲ ಹತ್ತಿರ ಹೋಗಿ ಒಂದು ಮಾತು ಕೇಳಿದರು. ಮಂಡ್ಯದ ಕಡೆ ಇದು ದಿನಬೆಳಗಾದರೆ ಎಲ್ಲರೂ ಎಲ್ಲರಿಗೂ ಕೇಳುವ ಮಾತು, ಅವರು ಕೇಳಿದ್ದರಲ್ಲಿ ವಿಶೇಷವೇನೂ ಇರಲಿಲ್ಲ.

“ನಿಂಗೆ ಕಿವಿ ಐತೋ ಇಲ್ವೋ?”

ಇನ್ನೊಂದು ದಿನವಾಗಿದ್ದರೆ ಅಪ್ಪ ಒಂದಕ್ಕೆ ಎರಡು ಕೊಡುತ್ತಿದ್ದ. ಅಂದು ಎದ್ದು ಒಳಗೆ ಬಂದು ಕೊಳದಪ್ಪಲೆಯಿಂದ ನೀರು ಬಗ್ಗಿಸಿಕೊಂಡು ಕುಡಿದ. ನಾನು ಹಿಂದೆಯೇ ಹೋದೆ.

“ಅಪ್ಪ, ಬಳೆ ಸದ್ದು ನಿಂಗೆ ಎಂಗೆ ಕೇಳ್ತಾ ಐತೆ?”

“ಚೆನ್ನಾಗಿ ಕೇಳ್ತಾ ಐತೆ ಕಣವ್ವ. ಮೂರು ವರ್ಸ ಆದ್ಮೇಲೆ ನೆನ್ನೆ ಕೇಳುಸ್ತು. ಕೇಳ್ಸೋಗಂಟ ತಿರುಗ್ಸಿದೆ.”

ಆ ಮಾತು ನನಗೆ ತಕ್ಷಣ ಅರ್ಥವಾಗಲಿಲ್ಲ. ಅಪ್ಪ ಅಕ್ಕಿ ಡಬ್ಬದ ಮೇಲೆ ಕುಕ್ಕರಿಸಿ ಕೂತು, ನನ್ನ ಮುಖ ನೋಡದೆ ಹೇಳಿದ. ಇಪ್ಪತ್ತು ವರ್ಷ ಡಿಕ್ಕಿಯೊಳಗೆ ತಲೆ ಇಟ್ಟು ಕೆಲಸ ಮಾಡಿದ್ದಕ್ಕೆ ಕಿವಿಯೊಳಗಿನ ಸಣ್ಣ ಸದ್ದುಗಳು ಒಂದೊಂದಾಗಿ ಹೋಗಿದ್ದವು. ಮಾತು ಕೇಳುತ್ತದೆ, ಡೊಳ್ಳು ಕೇಳುತ್ತದೆ. ಗುಬ್ಬಚ್ಚಿ, ಸೊಳ್ಳೆ, ಬಳೆ, ಕಾಲ್ಗೆಜ್ಜೆ ಇಲ್ಲ. ಒಂದು ದಿನ ಕುಕ್ಕರು ಎಂಟು ಸಲ ಕೂಗಿ ಅನ್ನ ಸೀದು ಹೊಗೆ ಬಂದರೂ ಪಕ್ಕದಲ್ಲೇ ಪೇಪರು ಓದುತ್ತ ಕೂತಿದ್ದನಂತೆ. ಹಿತ್ತಲಿನಿಂದ ಓಡಿ ಬಂದ ಅಮ್ಮ ಒಲೆ ಆರಿಸಿ ಅವನನ್ನೇ ಸ್ವಲ್ಪ ಹೊತ್ತು ನೋಡಿದಳಂತೆ. ಮಾರನೆಯ ದಿನ ಕಾರು ಕೊಡುವ ಹೊತ್ತಿಗೆ ಕೈ ಒರೆಸಿಕೊಳ್ಳುತ್ತ ಬಂದು, ನಮ್ಮ ತೌರಿನ ಶಾಸ್ತ್ರ ಎಂದು ಹಿಂದಿನ ಸೀಟಿನಲ್ಲಿ ಕೂತಳಂತೆ.

“ಇವತ್ತಿನಗಂಟ ಅವ್ಳು ಕೇಳಿಲ್ಲ, ನಾನು ಯೇಳಿಲ್ಲ.”

ಮೂರು ವರ್ಷ ಪಾತ್ರೆ ತೊಳೆಯುತ್ತ ಅಜ್ಜಿಯ ಬೈಗುಳ ತಿಂದ ಅಮ್ಮ ನನ್ನ ಕಣ್ಣ ಮುಂದೆ ಬಂದಳು. ಒಂದೇ ಒಂದು ಮಾತು ಹೇಳಿದ್ದರೆ ಅಜ್ಜಿಯ ಬಾಯಿ ಮುಚ್ಚುತ್ತಿತ್ತು. ಆ ಒಂದು ಮಾತು ಹೊರಗೆ ಹೋದರೆ, ಕಿವುಡನ ಕೈಲಿ ಸ್ಪೀಕರು ಹಾಕಿಸಲು ಯಾವ ಗಿರಾಕಿ ಬರುತ್ತಾನೆ? ಅಮ್ಮ ಅದನ್ನು ನುಂಗಿಕೊಂಡಿದ್ದಳು. ಬಿಟ್ಟುಬಿಡು ಆ ಹಾಳು ಶಾಸ್ತ್ರವನ್ನ ಎಂದಿದ್ದ ನನ್ನ ನಾಲಿಗೆಯನ್ನು ಕಿತ್ತುಕೊಳ್ಳಬೇಕೆನಿಸಿತು. ನಾಚಿಕೆಯಾಯಿತು, ಅಳು ಬಂತು, ಅಳಲು ಹೊತ್ತಿರಲಿಲ್ಲ. ಹೊರಗೆ ಗೌಡರು ವ್ಯಾನಿನ ಹಾರನ್ನು ಒತ್ತುತ್ತಿದ್ದರು.

“ಅಪ್ಪ, ನಾನು ಕುಂತ್ಕತೀನಿ. ಅಮ್ಮ ಇಲ್ಲದಕ್ಕೆ ಸಾಸ್ತ್ರ ನಾನು ಮಾಡ್ತೀನಿ ಅಂತ ಯೇಳು.”

ಅಪ್ಪ ನನ್ನನ್ನೇ ನೋಡಿದ. ಆಮೇಲೆ ಎದ್ದು ಹೊರಗೆ ಹೋಗಿ ಗೌಡರಿಗೆ ಹಾಗೆಯೇ ಹೇಳಿದ. ನಾನು ಚಪ್ಪಲಿ ಬಿಟ್ಟು ಹಿಂದಿನ ಸೀಟಿನ ಎಡಮೂಲೆಯಲ್ಲಿ ಕೂತು ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದರೆ ಸದ್ದಿಗೆ ಜಾಗ ಬರುತ್ತದೆ ಎಂದು ನನಗೆ ತಿಳಿದದ್ದು ಅಲ್ಲಿ. ನಾನು ಹೇಳಲು ಹೊರಟ ಮಾತು ನನ್ನದಾಗಿರಲಿಲ್ಲ, ಬಾಯಿಗೆ ಬಂದದ್ದು ಅಮ್ಮನ ಮಾತೇ. ಉಪ್ಪು ಜಾಸ್ತಿ ಅಂದೆ. ಅಪ್ಪ ತಿರುಗಿಸಿದ. ಇನ್ನೂ ಜಾಸ್ತಿ ಅಂದೆ. ಬಳೆಗಳು ಮೆಲ್ಲಗೆ ಹಿಂದಕ್ಕೆ ಸರಿದು, ಅಮ್ಮನ ಕೈಗೆ ವಾಪಸ್ಸು ಹೋಗಿ ಕೂತ ಹಾಗಾಯಿತು. ಅಡುಗೆಮನೆಯಿಂದ ಅವಳು ನಡೆದು ಬರುವಾಗ ಎಷ್ಟು ಕೇಳುತ್ತವೋ ಅಷ್ಟು. ಸಾಕು ಬುಡಪ್ಪ, ಇನ್ನ ಮುಟ್ಟಬೇಡ ಅಂದೆ. ಅದೇ ಹೊತ್ತಿಗೆ ಅಪ್ಪನಿಗೆ ಅವು ಕೇಳಿಸದೆ ಹೋದವು. ಅವನು ಕೈ ತೆಗೆದ ರೀತಿಯಲ್ಲೇ ನನಗೆ ಗೊತ್ತಾಯಿತು.

ಗೌಡರು ಒಳಗೆ ಕೂತು ಹಾಡು ಹಾಕಿ ಕೇಳಿದರು. ತಲೆ ಆಡಿಸಿದರು. ಜಗುಲಿಯಲ್ಲಿ ನಿಂತಿದ್ದ ಅಜ್ಜಿಯ ಕಡೆ ತಿರುಗಿ ನಕ್ಕರು.

“ನೋಡಿದ್ಯಾ ಅಜ್ಜಿ, ಸಾಸ್ತ್ರ ಬುಟ್ಟಿದ್ಕೇ ಇಂಗಾಗಿದ್ದು.”

“ಅದೇನ್ ಸಾಸ್ತ್ರನೋ ಕಾಣೆ ಕಣಪ್ಪ. ನನ್ನ ಸೊಸೆ ಕಟ್ಟಿದ್ದು. ಈಗ ಮೊಮ್ಮಗೂಗೂ ಅಂಟ್ಕತು.”

ಅಲ್ಲಿಗೆ ಮುಗಿಯಬಹುದಿತ್ತು. ಗಿರಾಕಿ ಒಪ್ಪಿದ್ದ, ಗುಟ್ಟು ಗುಟ್ಟಾಗಿಯೇ ಇತ್ತು, ಇನ್ನೂ ಮೂವತ್ತು ವರ್ಷ ಹಾಗೇ ನಡೆಸಬಹುದಿತ್ತು. ಅಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಬಾನೆಟ್ಟಿನ ಮೇಲೆ ಇಟ್ಟ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಮಾತಾಡಿದ್ದು ಗೌಡರಿಗೆ, ನೋಡಿದ್ದು ಅಜ್ಜಿಯನ್ನು.

“ಸಾಸ್ತ್ರ ಅಲ್ಲ ಗೌಡ್ರೆ. ನಂಗೆ ಸಣ್ಣ ಸದ್ದು ಕಿವಿ ಕೇಳಕಿಲ್ಲ. ಮೂರು ವರ್ಸದಿಂದ ನನ್ನೆಂಡ್ತಿ ಕಿವೀಲಿ ಕೆಲಸ ಮಾಡ್ತಾ ಇವ್ನಿ. ಅವಳು ಯಾರ್ಗೂ ಯೇಳ್ನಿಲ್ಲ, ಬೈಸ್ಕೊಂಡು ಇದ್ದುಬುಟ್ಲು.”

ಎಲ್ಲ ಹೋಯಿತು ಎಂದುಕೊಂಡೆ. ಗೌಡರು ಅಪ್ಪನನ್ನು ಮೇಲಿಂದ ಕೆಳಗೆ ನೋಡಿದರು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಚರಂಡಿಗೆ ಉಗಿದು ಬಂದರು. ನಮ್ಮ ಜನ ಮರ್ಯಾದೆ ಕೊಡುವುದೂ ಒರಟಾಗಿಯೇ.

“ಅಲ್ಲ ಕಣಯ್ಯ, ಮೊದ್ಲೇ ಯೇಳಕ್ಕೇನಾಗಿತ್ತು ನಿಂಗೆ ದೊಡ್ಡ ರೋಗ? ಮಿಕ್ಕಿದ ಮೂರು ಗಾಡಿ ಆವಮ್ಮ ಬಂದ್ಮೇಲೆ ಕಳುಸ್ತೀನಿ.”

ವ್ಯಾನು ಹೋಯಿತು. ಅಜ್ಜಿ ಅಂದು ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದಳು. ಮಾರನೆಯ ದಿನ ಅಪ್ಪ ಮದ್ದೂರಿಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿ ಬಂದ. ಅವಳು ಏನೆಂದಳು ಎಂದು ಕೇಳಿದೆ. ಬೈದಳು ಎಂದ. ಇಷ್ಟು ದಿನ ಬಚ್ಚಿಟ್ಟದ್ದು ಹೀಗೆ ಬೀದಿಯಲ್ಲಿ ನಿಂತು ಸಾರುವುದಕ್ಕಾ ಎಂದು ಬೈದು, ಕೂಸಿಗೆ ನೀರು ಹಾಕುವ ನೆಪದಲ್ಲಿ ಬಚ್ಚಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲವಂತೆ. ಅಪ್ಪ ಅದನ್ನು ಹೇಳುವಾಗ ನಗುತ್ತಿದ್ದ, ಕಣ್ಣು ತುಂಬಿತ್ತು. ನಾನು ಈಗ ಟ್ಯೂನ್ ಮಾಡಲು ಮೊಬೈಲು ಹಿಡಿದು ಸದ್ದಿನ ಏರಿಳಿತ ತೋರಿಸುವ ಗೆರೆಗಳನ್ನು ನೋಡುತ್ತೇನೆ, ಅಳತೆಯ ಮೈಕು ಇಡುತ್ತೇನೆ. ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿ ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ಕೆಲಸ ಕಲಿಸಿದ್ದು ಅಪ್ಪ. ಇನ್ನೊಬ್ಬರಿಗಾಗಿ ಕೇಳಿಸಿಕೊಳ್ಳುವುದು ಎಂದರೇನು ಎಂಬುದನ್ನು ಕಲಿಸಿದ್ದು ಅಮ್ಮ. ಆ ಎರಡು ಕೋಣೆಯ ಮನೆ ನನಗೆ ಕೊಟ್ಟದ್ದು ಸಣ್ಣದಲ್ಲ.

ಅಮ್ಮ ಬಂದ ವಾರದಲ್ಲಿ ಗೌಡರ ಎರಡನೇ ವ್ಯಾನು ಸಿದ್ಧವಾಯಿತು. ಬೆಳಗಿನಿಂದ ಅಮ್ಮ ಅಡುಗೆಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಈಗ ಎಲ್ಲರಿಗೂ ಗೊತ್ತಲ್ಲ, ಅವಳಿಗೆ ಅದೇನೋ ನಾಚಿಕೆ. ಹೊರಗೆ ಗಿರಾಕಿ, ಡ್ರೈವರು, ಅಪ್ಪ ನಿಂತಿದ್ದರು. ಅಪ್ಪ ಒಂದು ಸಲ ಕೂಗಿದ, ಎರಡು ಸಲ ಕೂಗಿದ. ಅಮ್ಮ ಮಂಡಿಯ ನಡುವೆ ತಪ್ಪಲೆ ಒತ್ತಿ ಹಿಡಿದು ಮುದ್ದೆ ತಿರುವುತ್ತಲೇ ಇದ್ದಳು. ಅಜ್ಜಿ ಗೋಡೆ ಹಿಡಿದುಕೊಂಡು ಎದ್ದು ಬಂದಳು. ಸೊಸೆಯ ಪಕ್ಕದಲ್ಲಿ ಕಷ್ಟಪಟ್ಟು ಕೂತು, ಅವಳ ಕೈಯಿಂದ ಮುದ್ದೆ ಕೋಲು ಕಿತ್ತುಕೊಂಡಳು.

“ಕೊಡಿಲ್ಲಿ, ನಾನು ತಿರುವ್ತೀನಿ. ನೀನೋಗಿ ಕುಂತ್ಕೊ ಕಣವ್ವ, ಅವನು ಕಾಯ್ತಾ ಅವ್ನೆ.”